ಬಚ್ಚಲುಮನೆಯ ಗೋಡೆ ಮೇಲೆ ಬಂದದ್ದು ಕಟ್ಟುಹಾವೇ?

ಪ್ರಶ್ನೆ: ಸರ್, ಕಳೆದ ವಾರ ರಾತ್ರಿ ನಮ್ಮ ಬಚ್ಚಲುಮನೆ ಗೋಡೆ ಮೇಲೆ ಒಂದೂವರೆ ಅಡಿಯ ಕಂದು ಹಾವು ಇತ್ತು. ಮೈಮೇಲೆ ಬಿಳಿ ಪಟ್ಟೆ. ಮಾವ ಕಟ್ಟುಹಾವು ಅಂತ ಹೊಡೆದು ಹಾಕಿದರು. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅವರನ್ನು ಬೈಯೋಕೂ ಆಗಲಿಲ್ಲ. ಆದರೆ ಪಟ್ಟೆ ಕುತ್ತಿಗೆ ಹತ್ತಿರ ಎದ್ದು ಕಾಣುತ್ತಿತ್ತು, ಬಾಲದ ಕಡೆ ಇರಲೇ ಇಲ್ಲ. ಅದು ನಿಜವಾಗಿ ಕಟ್ಟುಹಾವೇ?
ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಬರೆದದ್ದು ನೋಡಿದರೆ ಅದು ಬಹುತೇಕ ತೋಳದ ಹಾವು ತಂಗಿ. ವಿಷವಿಲ್ಲದ ಪಾಪದ ಹಾವು. ಕಟ್ಟುಹಾವು ಅಂದುಕೊಂಡು ಜನ ಇದನ್ನು ಎಷ್ಟು ಕೊಲ್ಲುತ್ತಾರೆ ಅಂದರೆ, ಇಂಥ ಪತ್ರ ಬಂದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಪಟ್ಟೆ ಎಲ್ಲಿಂದ ಶುರುವಾಗುತ್ತದೆ ಅಂತ ನೀವು ಗಮನಿಸಿದಿರಲ್ಲ, ಅದೇ ಮುಖ್ಯ. ತೋಳದ ಹಾವಿನ ಪಟ್ಟೆ ಕುತ್ತಿಗೆ ಕಡೆ ಢಾಳಾಗಿದ್ದು ಬಾಲಕ್ಕೆ ಹೋಗ್ತಾ ಮಾಸುತ್ತದೆ. ಕಟ್ಟುಹಾವಿಗೆ ಇದು ಉಲ್ಟಾ: ಮೈ ಕಪ್ಪಗೆ ಮಿರಮಿರ ಮಿಂಚುತ್ತದೆ, ತಲೆ ಹತ್ತಿರ ಗೆರೆ ಇರುವುದೇ ಇಲ್ಲ ಅಥವಾ ಮಸುಕಾಗಿರುತ್ತದೆ, ಹಿಂದಕ್ಕೆ ಹೋದಂತೆ ಸಣ್ಣ ಬಿಳಿ ಗೆರೆಗಳು ಹೆಚ್ಚಾಗಿ ಜೋಡಿಜೋಡಿಯಾಗಿ ಸ್ಪಷ್ಟವಾಗುತ್ತವೆ. ಬೆನ್ನಿನ ನಡುವಿನ ಸಾಲಿನಲ್ಲಿ ದೊಡ್ಡ ಆರು ಮೂಲೆಯ ಹುರುಪೆಗಳೂ ಇರುತ್ತವೆ. ಇನ್ನೊಂದು ಸುಳಿವು ಗೋಡೆ. ತೋಳದ ಹಾವು ಹಲ್ಲಿ ಹಿಡಿಯಲು ಒರಟು ಗೋಡೆಯನ್ನು ಸಲೀಸಾಗಿ ಹತ್ತುತ್ತದೆ. ಕಟ್ಟುಹಾವು ಹೆಚ್ಚಾಗಿ ನೆಲದಲ್ಲೇ ಹರಿದಾಡುತ್ತದೆ.

ಆದರೆ ಈ ಲಕ್ಷಣ ನಂಬಿ ಕೈ ಹಾಕಬೇಡಿ! ಮರಿ ಕಟ್ಟುಹಾವಿಗೆ ಮೈಯ ಮುಂಭಾಗದಲ್ಲೂ ಬಿಳಿ ಗುರುತು ಇರಬಹುದು, ಟಾರ್ಚ್ ಬೆಳಕಲ್ಲಿ ಪಳಗಿದವರೂ ತಪ್ಪುತ್ತಾರೆ. ನಾನು ಲಕ್ಷಣ ಹೇಳಿದ್ದು ಕೋಲು ಕೆಳಗಿಡಲಿ ಅಂತ ಅಷ್ಟೇ. ಮಗುವನ್ನು ಹೊರಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಸಂದಿಗೆ ಬಟ್ಟೆ ತುರುಕಿ, ಊರಲ್ಲಿ ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಕಟ್ಟುಹಾವಿನ ನಿಜವಾದ ಅಪಾಯ ಇರುವುದು ರಾತ್ರಿ ನೆಲದ ಮೇಲೆ ಮಲಗಿದವರಿಗೆ. ಕಚ್ಚಿದ್ದು ಗೊತ್ತೇ ಆಗದಿರಬಹುದು, ನೋವು ಅಷ್ಟು ಕಡಿಮೆ. ಹಾಗಾಗಿ ಮಗುವನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ. ಮಾವನವರಿಗೂ ಇದನ್ನು ಓದಿ ಹೇಳಿ, ಅವರು ಹೆದರಿದ್ದು ಮೊಮ್ಮಗುವಿಗೋಸ್ಕರ ಅಲ್ವಾ.

ಪ್ರಶ್ನೆ: ಕೊಟ್ಟಿಗೆಗೆ ಕೇರೆಹಾವು ಬರುತ್ತದೆ. ಹಸುವಿನ ಕಾಲು ಸುತ್ತಿಕೊಂಡು ಹಾಲು ಕುಡಿಯುತ್ತದೆ ಅಂತಾರೆ. ಮೊನ್ನೆ ಗದ್ದೆ ಬದುವಿನಲ್ಲಿ ಎರಡು ಹೆಣೆದುಕೊಂಡು ಎದ್ದು ನಿಂತಿದ್ದವು, ಒಂದು ನಾಗರಹಾವಂತೆ, ನಿಜವೇ?
ಓದುಗರು, ಹಾಸನ ಜಿಲ್ಲೆ

ಉತ್ತರ: ಹಾವಿನ ಬಾಯಿ ಕೆಚ್ಚಲು ಚೀಪುವುದಕ್ಕೆ ಆಗುವಂಥದ್ದಲ್ಲ, ಒಳಗೆ ಚೂಪು ಹಲ್ಲುಗಳಿವೆ, ಹಸು ಒದೆಯದೆ ಬಿಡುತ್ತದೆಯೇ? ಅದು ಬರುವುದು ಇಲಿಗೆ. ಹಿಂಡಿ ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕೇರೆ. ನೀವು ಬದುವಿನಲ್ಲಿ ನೋಡಿದ್ದು ಎರಡು ಗಂಡು ಕೇರೆಗಳ ಕುಸ್ತಿ ಇರಬೇಕು. ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತವೆ, ಸೋತದ್ದು ಹೊರಟು ಹೋಗುತ್ತದೆ. ನಾಗರಕ್ಕೂ ಕೇರೆಗೂ ಜೋಡಿ ಆಗುವುದಿಲ್ಲ, ಎರಡೂ ಬೇರೆ ಬೇರೆ ಜಾತಿ. ಕೇರೆಯ ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೆರೆಗಳಿರುತ್ತವೆ, ಹೆಡೆ ಎತ್ತುವುದಿಲ್ಲ. ಆದರೆ ನಾಗರವೂ ಸುಮ್ನೆ ಹರಿದು ಹೋಗುವಾಗ ಹೆಡೆ ಬಿಚ್ಚಿರುವುದಿಲ್ಲ, ಹೆಡೆ ಕಾಣಲಿಲ್ಲ ಅಂತ ಹತ್ತಿರ ಹೋಗಬೇಡಿ. ಕೊಟ್ಟಿಗೆಯ ಕೇರೆಯನ್ನು ಅದರ ಪಾಡಿಗೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧ ಕೂಡ.

ಪ್ರಶ್ನೆ: ಕೆರೆಯಲ್ಲಿ ಮಗನಿಗೆ ಹಾವು ಕಚ್ಚಿತು. ನೀರೊಳ್ಳೆ, ಏನೂ ಆಗಲ್ಲ ಅಂದರು ಎಲ್ಲರೂ. ಈಗ ಚೆನ್ನಾಗಿದ್ದಾನೆ. ಆಸ್ಪತ್ರೆಗೆ ಹೋಗಬೇಕಿತ್ತೇ?
ಓದುಗರು, ಮಂಡ್ಯ

ಉತ್ತರ: ಹೋಗಬೇಕಿತ್ತು. ನೀರೊಳ್ಳೆಗೆ ಸಿಟ್ಟು ಜಾಸ್ತಿ, ತಟ್ಟನೆ ಕಚ್ಚುತ್ತದೆ, ವಿಷ ಇಲ್ಲ. ಆದರೆ ಅದು ನೀರೊಳ್ಳೆಯೇ ಅಂತ ಹೇಳಿದವರು ಯಾರು, ಎಷ್ಟು ದೂರದಿಂದ ನೋಡಿದರು? ಯಾವ ಹಾವೇ ಕಚ್ಚಲಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದು ತರುವುದೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೊಡುವುದು ಒಂದೇ ಬಗೆಯ ಇಂಜೆಕ್ಷನ್. ಅದು ಬೇಕೋ ಬೇಡವೋ ಅಂತ ಡಾಕ್ಟರು ಮಗನ ಲಕ್ಷಣ ನೋಡಿಯೇ ತೀರ್ಮಾನಿಸುತ್ತಾರೆ.