ಹದಿನಾಲ್ಕು ಲೆಡ್ಜರ್‌ಗಳು

ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿದೆ. ಹೆಸರು, ಊರು ಎಲ್ಲವನ್ನೂ ಬದಲಿಸಿದ್ದೇನೆ. ನಾಣ್ಯದ ವಿವರವನ್ನು ಮಾತ್ರ ಹಾಗೆಯೇ ಉಳಿಸಬೇಕೆಂದು ಅವರೇ ಕೇಳಿಕೊಂಡರು. ಏಕೆಂಬುದು ಮುಂದೆ ತಿಳಿಯುತ್ತದೆ.

ಕರೆದುಕೊಂಡು ಬಂದವರು ಸೊಸೆ. “ಮಾವ ರಾತ್ರಿ ಎರಡು ಗಂಟೆಗೆ ಎದ್ದು ಬೀರು ತೆಗೆದು ನೋಡುತ್ತಾರೆ, ಮತ್ತೆ ಬೀಗ ಹಾಕಿ ಬಂದು ಕೂರುತ್ತಾರೆ. ಊಟ ಅರ್ಧಕ್ಕೆ ಬಿಡುತ್ತಾರೆ” ಎಂದರು. ವೈದ್ಯರು ಪರೀಕ್ಷಿಸಿ, ದೇಹದಲ್ಲಿ ತೊಂದರೆಯೇನೂ ಕಾಣುತ್ತಿಲ್ಲ ಎಂದು ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಕಳಿಸಿದ್ದರು.

ಬೀರುವಿನಲ್ಲಿದ್ದದ್ದು ಹದಿನಾಲ್ಕು ಲೆಡ್ಜರ್ ಪುಸ್ತಕಗಳು. ಮಧ್ಯ ಕರ್ನಾಟಕದ ಒಂದು ಊರಿನ ನಾಣ್ಯ ಸಂಗ್ರಾಹಕರ ಸಂಘಕ್ಕಾಗಿ ಮೇಷ್ಟ್ರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂಬಳವಿಲ್ಲದೆ ಮಾಡಿದ ಸಂಶೋಧನೆ ಅದು. ಸದಸ್ಯರ ಕೈಗೆ ಹೊಸ ನಾಣ್ಯ ಬಂದಾಗಲೆಲ್ಲ ಇವರು ಸೈಕಲ್ ಹತ್ತಿ ಹೋಗಿ, ಆಭರಣದ ತಕ್ಕಡಿಯಲ್ಲಿ ತೂಗಿ, ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಬರುತ್ತಿದ್ದರು. ಅವರು ನನ್ನ ಬಳಿಗೆ ಬಂದ ವರ್ಷ ಸಂಘದ ಹಳೆಯ ಅಧ್ಯಕ್ಷರು ತೀರಿಕೊಂಡರು. ಕಾರ್ಯದರ್ಶಿ ಮಗನ ಮನೆಗೆಂದು ಬೇರೆ ಊರು ಸೇರಿದರು. ಮೂವತ್ತರ ಹರೆಯದವರ ಹೊಸ ಸಮಿತಿ ಬಂತು. ಅದರ ಕಾರ್ಯದರ್ಶಿ ಮೇಷ್ಟ್ರಿಗೆ ನಾಲ್ಕು ಸಾಲಿನ ಪತ್ರ ಬರೆದರು: ಸಂಘಕ್ಕೆ ಸೇರಿದ ಎಲ್ಲ ದಾಖಲೆಗಳನ್ನೂ ಮೂವತ್ತು ದಿನಗಳೊಳಗೆ ಒಪ್ಪಿಸತಕ್ಕದ್ದು.

ಮೊದಲ ಎರಡು ಭೇಟಿಗಳಲ್ಲಿ ನಾನು ತಪ್ಪು ದಾರಿ ಹಿಡಿದಿದ್ದೆ. ಕೆಲಸ ಕೈಬಿಟ್ಟು ಹೋಗುವ ದುಃಖ, ಗೆಳೆಯನನ್ನು ಕಳೆದುಕೊಂಡ ಶೋಕ, ಪತ್ರದ ಒರಟುತನ ತಂದ ಅವಮಾನ ಎಂದು ಭಾವಿಸಿ ಅದನ್ನೇ ಮಾತಾಡಿಸಿದೆ. ಎಲ್ಲವೂ ನಿಜವೇ. ಮೇಷ್ಟ್ರು ತಲೆಯಾಡಿಸಿದರು, ಮನೆಗೆ ಹೋದರು, ರಾತ್ರಿ ಎರಡಕ್ಕೆ ಮತ್ತೆ ಎದ್ದರು. ಮೂರನೆಯ ಭೇಟಿಗೆ ಒಂದು ಲೆಡ್ಜರ್ ತರಲು ಹೇಳಿದೆ. ಯಾವುದಾದರೂ ಆಗಬಹುದು ಎಂದಿದ್ದೆ. ಅವರು ಒಂಬತ್ತನೆಯದನ್ನು ತಂದರು.

ಟಿಪ್ಪುವಿನ ತಾಮ್ರದ ಪೈಸೆಗಳ ಪುಟ ತೆರೆಯಿತು. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಫಾರಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ತೂಕ ಹನ್ನೊಂದು ಗ್ರಾಂ ಆಸುಪಾಸು. ಮಾತು ನಾಣ್ಯದ ಕಡೆಗೆ ತಿರುಗಿದ್ದೇ ತಡ, ಮೇಷ್ಟ್ರ ದನಿಯೇ ಬದಲಾಯಿತು. ಟಿಪ್ಪು ಇಸ್ಲಾಮಿನ ಹಿಜರಿ ವರ್ಷದ ಲೆಕ್ಕ ಬಿಟ್ಟು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಲೆಕ್ಕ ತಂದದ್ದು, ಆ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾದದ್ದು, 1215 ಎಂದರೆ ಸುಮಾರು 1787 ಎಂದಾಗುವುದು, ಇದನ್ನರಿಯದವರು ಹಿಜರಿ ಎಂದುಕೊಂಡು ಎಣಿಸಿದರೆ ಕೆಲವು ನಾಣ್ಯಗಳು 1799ರಲ್ಲಿ ಟಿಪ್ಪು ಮಡಿದ ನಂತರ ಅಚ್ಚಾದಂತೆ ಕಾಣುವುದು, ಎಲ್ಲವನ್ನೂ ತರಗತಿಯಲ್ಲಿ ನಿಂತವರಂತೆ ಹೇಳಿದರು. ಹೇಳುತ್ತ ಪುಟ ತಿರುಗಿಸಿದರು. ಒಂದು ಪೆನ್ಸಿಲ್ ಅಚ್ಚಿನ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು.

“ಇದು ತಪ್ಪು” ಎಂದರು.

ಟಿಪ್ಪು ಊರುಗಳಿಗೆ ಹೊಸ ಹೆಸರು ಕೊಟ್ಟಿದ್ದ. ಧಾರವಾಡ ಖುರ್ಷೀದ್ ಸವಾದ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್. ಕಲ್ಲಿಕೋಟೆಯ ಬಳಿ ಅವನು ಕಟ್ಟಿಸಹೊರಟ ಹೊಸ ಊರಿನ ಟಂಕಸಾಲೆಯ ಹೆಸರು ಫರ್ರುಖಿ. ಆ ಕಾಲದ ಪೈಸೆಗಳಲ್ಲಿ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು; ಎಷ್ಟೋ ಸಲ ಹೆಸರಿನ ಅರ್ಧ ಭಾಗ ನಾಣ್ಯದ ಹೊರಗೇ ಉಳಿದುಬಿಡುತ್ತದೆ. ಸವೆದ ಒಂದು ಪೈಸೆಯ ಮೇಲೆ ‘ಫರ್ರುಖ್’ ಎಂಬಷ್ಟನ್ನೇ ಕಂಡು, ಮೇಷ್ಟ್ರು ಅದನ್ನು ಚಿತ್ರದುರ್ಗದ್ದೆಂದು ಸಂಘದ ವಾರ್ಷಿಕ ಸಂಚಿಕೆಯಲ್ಲಿ ಬರೆದಿದ್ದರು. ತಮ್ಮ ಸೀಮೆಯ ನಾಣ್ಯ ಎಂಬ ಹೆಮ್ಮೆಗೆ ಸಂಘ ಅವರಿಗೆ ಶಾಲು ಹೊದಿಸಿತ್ತು. ಮೂರು ವರ್ಷದ ಹಿಂದೆ ಅದೇ ಅಚ್ಚಿನ ಇನ್ನೊಂದು ಪೈಸೆ, ಹೆಸರು ಪೂರ್ತಿ ಇದ್ದದ್ದು, ಕೈಗೆ ಬಂತು. ಅದು ಫರ್ರುಖಿ. ಮೇಷ್ಟ್ರು ಯಾರಿಗೂ ಹೇಳಲಿಲ್ಲ. ಅಧ್ಯಕ್ಷರಿಗೂ ಹೇಳಲಿಲ್ಲ, ಅವರು ಹೋಗಿಯೇ ಬಿಟ್ಟರು.

ಆ ಮಧ್ಯಾಹ್ನ ಅವರು ಬಹಳ ಹೊತ್ತು ಅತ್ತರು. ನಾನು ಸುಮ್ಮನೆ ಕುಳಿತಿದ್ದೆ.

ದಾಖಲೆ ಒಪ್ಪಿಸಲಾರದ ಹಿರಿಯರನ್ನು ‘ಹಿಡಿತ ಬಿಡದವರು’ ಎಂದು ನಾವು ಬಹಳ ಬೇಗ ತೀರ್ಮಾನಿಸಿಬಿಡುತ್ತೇವೆ. ಹೊಸ ಕಾರ್ಯದರ್ಶಿಯೂ ಹಾಗೆಯೇ ಎಣಿಸಿದ್ದರು. ಬೀಗದ ಹಿಂದೆ ಇದ್ದದ್ದು ನಾಚಿಕೆ. ಒಬ್ಬರೇ ಕುಳಿತು ಮಾಡುವ ಕೆಲಸದಲ್ಲಿ ತಪ್ಪನ್ನು ಹೇಳಿಕೊಳ್ಳಲು ಯಾರೂ ಸಿಗುವುದಿಲ್ಲ. ಸಂಬಳವಿಲ್ಲದ ದುಡಿಮೆಯಲ್ಲಿ ಹೆಸರೊಂದೇ ಗಳಿಕೆ. ಅದಕ್ಕೇ ಪೆಟ್ಟು ಬೀಳುತ್ತದೆಂಬ ಭಯ ಸಣ್ಣದಲ್ಲ. ಇದನ್ನು ಅವರಿಗೂ ಇದೇ ಮಾತುಗಳಲ್ಲಿ ಹೇಳಿದೆ.

ನಂತರ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಒಂಬತ್ತನೆಯ ಲೆಡ್ಜರಿಗೆ ಸಂಬಂಧಿಸಿದ್ದು. ಹಳೆಯ ಸಾಲನ್ನು ಅಳಿಸಬೇಡಿ, ಅದರ ಕೆಳಗೆ ಬೇರೆ ಬಣ್ಣದ ಶಾಯಿಯಲ್ಲಿ ಇಂದಿನ ತಾರೀಖು ಹಾಕಿ, ಏನು ಕಂಡಿತು, ಏಕೆ ತಪ್ಪು ಎನಿಸಿತು ಎಂದು ಬರೆಯಿರಿ ಎಂದೆ. ಹಾಗೆಯೇ ಉಳಿದ ಲೆಡ್ಜರುಗಳಲ್ಲಿ ಅನುಮಾನ ಇರುವ ಕಡೆಯೆಲ್ಲ ಗುರುತು ಹಾಕಲು ಹೇಳಿದೆ. ಮುಂದೆ ಬರುವವನಿಗೆ ಗಟ್ಟಿಯಾದ ಉತ್ತರಗಳಿಗಿಂತ ಈ ಗುರುತುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಎಲ್ಲಿಂದ ಶುರುಮಾಡಬೇಕೆಂದು ಅವು ತೋರಿಸುತ್ತವೆ.

ಎರಡನೆಯದರಲ್ಲಿ ನಾನು ಗಟ್ಟಿಯಾಗಿ ನಿಂತೆ. ಲೆಡ್ಜರುಗಳ ಅಂಚಿನಲ್ಲಿ ಯಾರ ಮನೆಯಲ್ಲಿ ಯಾವ ನಾಣ್ಯ ಇದೆ, ಯಾರ ಹೊಲ ಉಳುವಾಗ ಏನು ಸಿಕ್ಕಿತೆಂದು ಯಾರು ಹೇಳಿದರು ಎಂಬುದನ್ನೂ ಮೇಷ್ಟ್ರು ಬರೆದಿಟ್ಟಿದ್ದರು. ಅವು ನಂಬಿಕೆಯ ಮೇಲೆ ಹೇಳಿದ ಮಾತುಗಳು. ನನ್ನ ವೃತ್ತಿಯಲ್ಲಿ ಕೇಳುವ ರಹಸ್ಯಗಳಿಗೂ ಅವಕ್ಕೂ ವ್ಯತ್ಯಾಸ ಕಾಣಲಿಲ್ಲ. ಲೆಡ್ಜರುಗಳನ್ನು ಸ್ಕ್ಯಾನ್ ಮಾಡಿ ಎಲ್ಲ ಸದಸ್ಯರಿಗೂ ಹಂಚಿದರೆ, ಒಂಟಿಯಾಗಿರುವ ಮುದುಕಿಯೊಬ್ಬಳ ಮನೆಯಲ್ಲಿ ಚಿನ್ನದ ವರಹ ಇರುವ ಸಂಗತಿ ಬೀದಿಗೆ ಬರುತ್ತದೆ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನೂ ಇದೆ. ಅದರ ಬಗ್ಗೆ ವಕೀಲರನ್ನು ಕೇಳಿಕೊಳ್ಳಿ, ನಾನು ಹೇಳತಕ್ಕ ವಿಷಯವಲ್ಲ ಎಂದೆ. ಹೆಸರು, ವಿಳಾಸಗಳಿರುವ ಅಂಚುಗಳನ್ನು ಮುಚ್ಚಿ ಪ್ರತಿ ತೆಗೆಸುವುದು, ಮೂಲ ಲೆಡ್ಜರುಗಳ ಗತಿಯನ್ನು ಹಸ್ತಾಂತರ ಮುಗಿದ ಮೇಲೆ ನಿರ್ಧರಿಸುವುದು ಎಂದಾಯಿತು.

‘ಗೌರವ ಸಂಶೋಧಕರು’ ಎಂಬ ಪದವಿ ಕೇಳಬೇಕೆಂದು ಮೇಷ್ಟ್ರ ಗೆಳೆಯರೊಬ್ಬರು ಹೇಳಿಕೊಟ್ಟಿದ್ದರು. ಬೇಡವೆಂದೆ. ಪದವಿ ಇದ್ದರೆ ಹೊಸಬನ ಬರಹಕ್ಕೆಲ್ಲ ಇವರ ಒಪ್ಪಿಗೆ ಬೇಕೇ ಬೇಡವೇ ಎಂಬ ಜಗಳ ವರ್ಷಗಟ್ಟಲೆ ಎಳೆಯುತ್ತದೆ. ಅದರ ಬದಲು ಆರು ಶನಿವಾರ ಕೇಳಿ, ಒಂದೊಂದು ಶನಿವಾರ ಎರಡೆರಡು ಲೆಡ್ಜರ್, ಉಳಿದೆರಡು ಕೊನೆಯ ದಿನಕ್ಕೆ. ಹೊಸ ಕಾರ್ಯದರ್ಶಿ ನಿಮ್ಮ ಮನೆಗೆ ಬರಲಿ, ನಾಣ್ಯ ಕೈಯಲ್ಲಿ ಹಿಡಿದು ಓದುವುದನ್ನು ಪಕ್ಕದಲ್ಲಿ ಕುಳಿತು ಕಲಿಯಲಿ ಎಂದೆ.

ಕಾರ್ಯದರ್ಶಿಯನ್ನು ಮೇಷ್ಟ್ರ ಒಪ್ಪಿಗೆಯ ಮೇಲೆ ಒಮ್ಮೆ ಕರೆಸಿ ಮಾತಾಡಿದೆ. ಒಳ್ಳೆಯ ಹುಡುಗ. ಬ್ಯಾಂಕಿನ ಕೆಲಸದ ಅಭ್ಯಾಸದಲ್ಲಿ ‘ಒಪ್ಪಿಸತಕ್ಕದ್ದು’ ಎಂದು ಬರೆದದ್ದರ ಹೊರತು ಅವನಲ್ಲಿ ಬೇರೆ ದೋಷ ಕಾಣಲಿಲ್ಲ. “ಎರಡನೆಯ ಪತ್ರ ಬರೆಯಿರಿ, ಇಪ್ಪತ್ತು ವರ್ಷದ ಕೆಲಸವನ್ನು ಮೊದಲ ಸಾಲಿನಲ್ಲಿ ಹೆಸರಿಸಿ, ತಾರೀಖನ್ನು ಕೊನೆಯಲ್ಲಿ ಕೇಳಿ” ಎಂದಷ್ಟೇ ಹೇಳಿದೆ. ತಪ್ಪಿನ ವಿಷಯ ನಾನು ಬಾಯಿಬಿಡಲಿಲ್ಲ; ಅದು ಮೇಷ್ಟ್ರು ಹೇಳಬೇಕಾದದ್ದು.

ಅವರು ಮೂರನೆಯ ಶನಿವಾರ ಹೇಳಿದರಂತೆ. ಹುಡುಗ ಆ ಪುಟವನ್ನು ಬಹಳ ಹೊತ್ತು ನೋಡಿ, “ಮೇಷ್ಟ್ರೇ, ಹಾಗಿದ್ದರೆ ಕಲ್ಲಿಕೋಟೆಯ ಪೈಸೆ ನಮ್ಮೂರಿಗೆ ಬಂದದ್ದು ಹೇಗೆ?” ಎಂದು ಕೇಳಿದನಂತೆ. ಇಬ್ಬರೂ ರಾತ್ರಿ ಊಟದವರೆಗೂ ಅದನ್ನೇ ಮಾತಾಡಿದ್ದಾರೆ. ತಿದ್ದುಪಡಿ ಇಬ್ಬರ ಹೆಸರಿನಲ್ಲಿ ಮುಂದಿನ ಸಂಚಿಕೆಗೆ ಹೋಗಿದೆ.

ನಿದ್ದೆ ಪೂರ್ತಿ ಸರಿಹೋಗಿಲ್ಲ. ವಾರಕ್ಕೆ ಒಂದೆರಡು ಸಲ ಈಗಲೂ ಏಳುತ್ತಾರೆ ಎಂದು ಸೊಸೆ ಹೇಳಿದರು. ಬೀರುವಿನ ಕಡೆ ಹೋಗುವುದಿಲ್ಲವಂತೆ. ನೀರು ಕುಡಿದು, ದೀಪ ಆರಿಸಿ ಮಲಗುತ್ತಾರೆ. ತಿಂಗಳಿಗೊಮ್ಮೆ ಬರುವುದನ್ನು ಮುಂದುವರಿಸಲು ಹೇಳಿದ್ದೇನೆ.