ರಕ್ತ ಕಡಿಮೆ ಅಂತ ಗೊತ್ತಾಗಿದ್ದು ಹೇಗೆ?

ಮುಧೋಳದ ಸಹೋದರಿಗೆ ನಮಸ್ಕಾರ.

ಗರ್ಭಿಣಿಯರ ರಕ್ತಹೀನತೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಅಂತ ಕಬ್ಬಿಣದ ಗುಳಿಗೆ ಬಿಟ್ಟ ಹೆಣ್ಣುಮಕ್ಕಳ ಮಾತನ್ನು ಅವರ ಬಾಯಿಂದಲೇ ಹೇಳಿಸಿದ್ದೀರಿ. ಆ ಭಾಗದಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ತೊಡಕಿರುವುದು ಎರಡನೇ ಪುಟದಲ್ಲಿ. ‘ನಮ್ಮ ಹಳ್ಳಿಗಳ ಸ್ಥಿತಿ ದೇಶದ ಸರಾಸರಿಗಿಂತ ಕೆಟ್ಟದಾಗಿದೆ’ ಎಂದು ಬರೆದಿದ್ದೀರಿ. ಅಳೆದದ್ದು ಹೇಗೆ ಅಂತ ಹುಡುಕಿದೆ. ಶಿಬಿರದಲ್ಲಿ ಕೆಳರೆಪ್ಪೆ ಎಳೆದು ಬಿಳಿಚಿದೆಯಾ ಅಂತ ನೋಡಿದ್ದೀರಿ, ಅಷ್ಟೇ. ಯಾರನ್ನು ಬೇಗ ದವಾಖಾನೆಗೆ ಕಳಿಸಬೇಕು ಅಂತ ತಿಳಿಯಲು ಅದು ನೆರವಾಗುತ್ತದೆ, ನಿಜ. ಎಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಲೆಕ್ಕ ಹಾಕಲು ಸಾಲದು. ಹಿಮೋಗ್ಲೋಬಿನ್ ಸ್ವಲ್ಪವೇ ಕಡಿಮೆ ಇರುವವರು ಸುಲಭವಾಗಿ ತಪ್ಪಿಹೋಗುತ್ತಾರೆ.

ದೇಶದ ಗರ್ಭಿಣಿಯರಲ್ಲಿ ರಕ್ತಹೀನತೆ ಇರುವವರು ಅಂತ ನೀವು ಹೋಲಿಸಿದ ಶೇ. 52.2 ಎಂಬುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ. ಅಲ್ಲಿ ಬೆರಳು ಚುಚ್ಚಿ ತೆಗೆದ ಹನಿ ರಕ್ತವನ್ನು ಹಿಮೋಕ್ಯೂ ಎಂಬ ಪುಟ್ಟ ಯಂತ್ರದಲ್ಲಿ ನೋಡಿದ್ದರು. ಅದಕ್ಕಿಂತ, ರಕ್ತನಾಳದಿಂದ ತೆಗೆದ ರಕ್ತವನ್ನು ಲ್ಯಾಬಿನ ಸ್ವಯಂಚಾಲಿತ ಯಂತ್ರದಲ್ಲಿ ಅಳೆಯುವುದೇ ಮೇಲು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ. ಹಿಮೋಗ್ಲೋಬಿನ್ ಎಷ್ಟಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂಬ ಮಿತಿಯೂ ಎಲ್ಲ ತಿಂಗಳಿಗೂ ಒಂದೇ ಅಲ್ಲ. ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ ಡೆಸಿಲೀಟರಿಗೆ 11 ಗ್ರಾಂ, ನಡುವಿನ ಮೂರು ತಿಂಗಳಲ್ಲಿ 10.5. ಹೀಗಿರುವಾಗ ಕಣ್ಣಂದಾಜನ್ನು ಯಂತ್ರದ ಅಂಕಿಯ ಪಕ್ಕ ಇಡಲು ಬರುವುದಿಲ್ಲ, ಅಲ್ವಾ?

ಕಣ್ಣು ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಬೆಳಗಾವಿಯಲ್ಲೇ ಪುರಾವೆ ಇದೆ. ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 123 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆದಿತ್ತು. ಕೆಲವರ ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿದರು. ಉಳಿದವರಿಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿದರು. ಕಣ್ಣಳತೆಯ ಸರಾಸರಿ ಚೀಲದ್ದಕ್ಕಿಂತ ಶೇ. 33ರಷ್ಟು ಕಡಿಮೆ ಬಂತು. ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಮೇಲೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆದಾಗಲೂ ಆ ಚೀಲವನ್ನೇ ಬಳಸಿದರು. 500 ಮಿಲಿಲೀಟರ್ ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋದವರು ಔಷಧವಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 12, ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಶೇ. 6.4 ಎಂದು 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸುಮ್ನೆ ನೋಡಿ ಬರೆದುಕೊಂಡಿದ್ದರೆ ಆ ಅಂಕಿಯನ್ನು ಜಗತ್ತು ನಂಬುತ್ತಿತ್ತಾ? ಆ ಚೀಲ ಹಾಸಿ ಅಳೆದವರು ಹಳ್ಳಿಯ ಎಎನ್‌ಎಂಗಳು, ಅಂದರೆ ಹೆರಿಗೆ ನೋಡಿಕೊಳ್ಳುವ ಆರೋಗ್ಯ ಸಹಾಯಕಿಯರು. ಅದನ್ನು ನೆನೆದರೆ ನನಗೆ ಹೆಮ್ಮೆ ಆಗುತ್ತದೆ.

ಇನ್ನು ಬೀಟ್‌ರೂಟ್ ರಸದ ವಿಷಯ. 15 ದಿನದಲ್ಲಿ ರಕ್ತ ಏರುತ್ತದೆ ಎಂಬ ಮಾತಿಗೆ ನೀವು ಕೊಟ್ಟ ಆಧಾರ ಒಂದು ವಿಡಿಯೊ. ದಯವಿಟ್ಟು ತೆಗೆಯಿರಿ. ಇದನ್ನು ನಂಬಿ ಒಬ್ಬ ಗರ್ಭಿಣಿ ಗುಳಿಗೆ ಬಿಟ್ಟರೂ ಅದರ ಹೊಣೆ ನಮ್ಮದು. ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಅಲ್ಲಿ ಸಿಕ್ಕಿದ್ದೆಲ್ಲ ಸರಿ ಅಂತಲ್ಲ. ಎಷ್ಟು ಜನರ ಮೇಲೆ ನೋಡಿದರು, ಯಾರ ಜೊತೆ ಹೋಲಿಸಿದರು, ಯಾವುದರಿಂದ ಅಳೆದರು ಎಂಬುದನ್ನು ಓದಿ. ಅದಕ್ಕೂ ಮೊದಲು ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆಗಳನ್ನು ನೋಡಿ. ಅಲ್ಲಿ ಒಂದು ಪ್ರಶ್ನೆಗೆ ಸಂಬಂಧಿಸಿದ ಪರೀಕ್ಷೆಗಳನ್ನೆಲ್ಲ ಒಟ್ಟುಹಾಕಿ ತೂಗಿರುತ್ತಾರೆ. ಸರಳ ಸಾರಾಂಶವೂ ಇರುತ್ತದೆ. ಗರ್ಭಿಣಿಯರಿಗೆ ದಿನಾ ಕಬ್ಬಿಣದ ಗುಳಿಗೆ ಕೊಡುವ ಬಗ್ಗೆಯೂ ಅಲ್ಲಿ ವಿಮರ್ಶೆ ಇದೆ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಕೇಳಿ. ಸಿಕ್ಕರೆ ತಾಯಿ ಕಾರ್ಡಿನಲ್ಲಿರುವ ಹಿಮೋಗ್ಲೋಬಿನ್ ಅಂಕಿಗಳನ್ನು ಹೆಸರಿಲ್ಲದೆ ಬರೆದುಕೊಳ್ಳಿ. ಯಾವ ಯಂತ್ರ, ಎಷ್ಟನೇ ತಿಂಗಳು ಎಂಬುದೂ ಜೊತೆಗಿರಲಿ. ಸಿಗದಿದ್ದರೆ ದೇಶದ ಸರಾಸರಿಯ ಹೋಲಿಕೆ ತೆಗೆದುಹಾಕಿ ಲೇಖನ ಕಳಿಸಿ, ನಾನು ಮತ್ತೆ ಓದುತ್ತೇನೆ.