ಡೆಮ್ನಾ ನಿಜವಾದ ವಾರಸುದಾರನಾ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಕಳೆದ ಸಂಚಿಕೆಲಿ ಬಂದ ಜಾರ್ಜಿಯಾದ ರಾಣಿ ತಮಾರ್ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಉದ್ದನೆ ಲೆಟರ್ ಬರ್ದಿದಾರೆ. ತಕರಾರು ಇಷ್ಟೇ: ರಾಜ ಮೂರನೇ ಜಾರ್ಜ್ 1178ರಲ್ಲಿ ಮಗಳು ತಮಾರ್‌ಗೆ ಪಟ್ಟ ಕಟ್ಟಿದ ಅಂತ ಒಂದೇ ಸಾಲಲ್ಲಿ ಮುಗಿಸಿದೀರಿ, ಅದೇ ಹೊತ್ತಲ್ಲಿ ಒಡಹುಟ್ಟಿದ ಅಣ್ಣನ ಮಗನ ಕಣ್ಣು ತೆಗೆಸಿದ್ದು ಹೇಳಲೇ ಇಲ್ಲ, ಆ ಹುಡುಗ ಡೆಮ್ನಾನೇ ತಾನೆ ನಿಜವಾದ ವಾರಸುದಾರ, ಹಾಗಾದ್ರೆ ತಮಾರ್ ಕೂತಿದ್ದು ಕದ್ದ ಸಿಂಹಾಸನದ ಮೇಲಲ್ವಾ?

ಲೇಖನ ಇದ್ದಿದ್ದು ತಮಾರ್ ಆಳ್ವಿಕೆ ಬಗ್ಗೆ. ಆದ್ರೂ ಕೇಳಿದ್ದೀರಲ್ಲ, ಇದಕ್ಕೆ ಒಂದು ಸಾಲಲ್ಲಿ ಉತ್ತರ ಹೇಳೋಕಾಗಲ್ಲ, ಸ್ವಲ್ಪ ಹಿಂದಿಂದ ಬರ್ತೀನಿ.

ಡೆಮ್ನಾ ಅಂದ್ರೆ ಡೆಮೆತ್ರೆ. ಅಪ್ಪ ಐದನೇ ದಾವಿತ್, ತಾತ ಜಾರ್ಜಿಯಾದ ರಾಜ ಮೊದಲನೇ ಡೆಮೆತ್ರೆ. ಈ ದಾವಿತ್ 1155ರಲ್ಲಿ ಸ್ವಂತ ಅಪ್ಪನನ್ನೇ ಕೆಳಗಿಳಿಸಿ, ಮಠಕ್ಕೆ ಕಳಿಸಿ ಸನ್ಯಾಸಿ ಮಾಡಿ ತಾನು ರಾಜ ಆದ. ಆರೇ ತಿಂಗಳಿಗೆ ಸತ್ತೂ ಹೋದ. ಮುದುಕ ಮಠದಿಂದ ವಾಪಸ್ ಬಂದು ಮತ್ತೆ ಸಿಂಹಾಸನ ಹತ್ತಿ, ಕಿರಿ ಮಗ ಜಾರ್ಜ್‌ನನ್ನ ಜೊತೆ ರಾಜ ಅಂತ ಪಟ್ಟ ಕಟ್ಟಿ 1156ರಲ್ಲಿ ಕಣ್ಮುಚ್ಚಿದ. ದಾವಿತ್‌ನ ಮಗ ಡೆಮ್ನಾ ಆಗ ಇನ್ನೂ ಚಿಕ್ಕವನು, ಅವನನ್ನ ಕೇಳೋರು ಯಾರು.

ಈಗ ಮಜಾ ನೋಡಿ. ದಾವಿತ್ ಹೇಗೆ ಸತ್ತ ಅನ್ನೋದರ ಬಗ್ಗೆ ಇಬ್ಬರು ಅರ್ಮೇನಿಯನ್ ಇತಿಹಾಸಕಾರರು ಪೂರ್ತಿ ಉಲ್ಟಾ ಉಲ್ಟಾ ಹೇಳ್ತಾರೆ. 13ನೇ ಶತಮಾನದ ವರ್ದಾನ್ ಹೇಳೋ ಪ್ರಕಾರ ದಾವಿತ್‌ನ ಕೊಂದಿದ್ದೇ ಓರ್ಬೆಲಿ ಮನೆತನದ ದೊಡ್ಡವರು, ಸೇನಾಪತಿ ಪದವಿ ಕೊಡ್ತೀನಿ ಅಂತ ಜಾರ್ಜ್ ಜೊತೆ ಒಳಗೊಳಗೇ ಮಾತಾಗಿತ್ತಂತೆ. ಸ್ತೆಪಾನೋಸ್ ಓರ್ಬೆಲಿಯನ್ ಕಥೆನೇ ಬೇರೆ: ದಾವಿತ್ ಸಾಯೋ ಮುಂಚೆ ಎಲ್ಲರ ಹತ್ರ ಆಣೆ ಮಾಡಿಸ್ಕೊಂಡ, ಹುಡುಗ ದೊಡ್ಡವನಾದ ಮೇಲೆ ರಾಜ್ಯ ಅವನಿಗೇ ಅಂತ, ಜಾರ್ಜ್ ಅಲ್ಲಿವರೆಗೆ ನೋಡ್ಕೊಳ್ಳೋನು ಅಷ್ಟೇ. ಈ ಸ್ತೆಪಾನೋಸ್ ಯಾರು ಅಂದ್ರೆ ಅದೇ ಓರ್ಬೆಲಿ ವಂಶದ ಕುಡಿ. ತನ್ನ ಮನೆಯವರು ದಂಗೆ ಎದ್ದಿದ್ದು ಕೊಟ್ಟ ಮಾತು ಉಳಿಸೋಕೆ ಅಂತ ಅವನು ಬರೀದೆ ಇನ್ನೇನು ಬರೀತಾನೆ? ನೀವು ಲೆಟರ್‌ನಲ್ಲಿ ಆಧಾರ ಅಂತ ಕೊಟ್ಟಿರೋ ಆಣೆ ಕಥೆ ಬಂದಿರೋದು ಇಲ್ಲಿಂದ, ಸೋ ಅದನ್ನೇ ಕೋರ್ಟ್ ಸಾಕ್ಷಿ ತರ ಹಿಡ್ಕೊಳ್ಳೋದು ಬೇಡ.

ಡೆಮ್ನಾ ಬೆಳೆದಿದ್ದೂ ಓರ್ಬೆಲಿಗಳ ನೆರಳಲ್ಲೇ. ಇವಾನೆ ಓರ್ಬೆಲಿ ಆಗ ಅಮಿರ್‌ಸ್ಪಸಲಾರ್, ಅಂದ್ರೆ ಇಡೀ ಸೈನ್ಯದ ಮುಖ್ಯಸ್ಥ, ಡೆಮ್ನಾಗೆ ಕೊಟ್ಟಿದ್ದು ಅವನ ಮಗಳನ್ನೇ. ಅಳಿಯ ರಾಜ ಆದ್ರೆ ಆಳೋದು ಮಾವ ಅಂತ ಲೆಕ್ಕ ಹಾಕೋಕೆ ಯಾರಿಗೂ ಕಷ್ಟ ಆಗಿರ್ಲಿಕ್ಕಿಲ್ಲ. 1177ರಲ್ಲಿ ದಂಗೆ ಎದ್ದರು, ದೊಡ್ಡ ದೊಡ್ಡ ಸರದಾರರೆಲ್ಲ ಜೊತೆಗಿದ್ರು, ಆದ್ರೆ ರಾಜನಿಗೆ ಸುದ್ದಿ ಮುಟ್ಟಿ ಟಿಬಿಲಿಸಿ ಸೇರ್ಕೊಂಡ, ಅಲ್ಲಿಗೆ ಕುಬಸಾರ್ ಅನ್ನೋ ಕಿಪ್ಚಾಕ್ (ತುರ್ಕಿ ಮೂಲದ ಅಲೆಮಾರಿ ಜನ) ನಾಯಕ ತನ್ನ ದಂಡು ತಗೊಂಡು ಬಂದು ರಾಜನ ಬೆನ್ನಿಗೆ ನಿಂತ. ಈ ಕಿಪ್ಚಾಕರನ್ನ ಹುಲ್ಲುಗಾವಲಿಂದ ಕರ್ಕೊಂಡು ಬಂದು ನೆಲೆ ಕೊಟ್ಟಿದ್ದು ಡೆಮ್ನಾನ ಮುತ್ತಾತ ನಾಲ್ಕನೇ ದಾವಿತ್, 40,000 ಕುಟುಂಬ ಅಂತ ಹೇಳ್ತಾರೆ. ಸರದಾರರ ಮೇಲೆ ಡಿಪೆಂಡ್ ಆಗದೆ ರಾಜನಿಗೇ ಅಂತ ಒಂದು ಸೈನ್ಯ ಇರ್ಲಿ ಅನ್ನೋದು ಅವನ ಐಡಿಯಾ. ಅರ್ಧ ಶತಮಾನ ಕಳೆದ್ಮೇಲೂ ಅದು ಸರಿಯಾಗೇ ಕೆಲಸ ಮಾಡ್ತು, ಪೆಟ್ಟು ಬಿದ್ದಿದ್ದು ಮಾತ್ರ ಅವನ ಮರಿಮಗನಿಗೆ.

ಬಂಡಾಯಗಾರರು ಲೋರಿ ಕೋಟೆ ಸೇರ್ಕೊಂಡ್ರು. ಈಗಿನ ಅರ್ಮೇನಿಯಾದ ಸ್ತೆಪಾನಾವಾನ್ ಹತ್ರ ಇದೆ, ಎರಡು ನದಿ ಕೊರೆದ ಆಳವಾದ ಕಮರಿಗಳ ನಡುವೆ ಚಾಚಿಕೊಂಡಿರೋ ಬಂಡೆ ಮೇಲೆ, ನೆಲದ ಕಡೆಯಿಂದ ಬರೋಕೆ ಒಂದೇ ದಿಕ್ಕು, ಅಲ್ಲಿ ದಪ್ಪ ಗೋಡೆ. ಸಹಾಯ ಕೇಳೋಕೆ ಇವಾನೆ ತನ್ನ ತಮ್ಮ ಲಿಪಾರಿತ್‌ನನ್ನ ಅಜರ್‌ಬೈಜಾನ್ ಆಳ್ತಿದ್ದ ಎಲ್ದಿಗುಜಿದ್ ಮನೆತನದ ಅತಾಬೇಗರ, ಅಂದ್ರೆ ಅಲ್ಲಿನ ದೊರೆಗಳ ಹತ್ರ ಕಳಿಸಿದ. ಅವನು ಬರೋದ್ರೊಳಗೆ ಒಬ್ಬೊಬ್ರೇ ಸರದಾರರು ಕೈಕೊಟ್ಟು ರಾಜನ ಕಡೆ ಹೋದ್ರು. ಕೊನೆಗೆ ಡೆಮ್ನಾನೇ ಮಾವನನ್ನ ಒಳಗೇ ಬಿಟ್ಟು ಕೋಟೆ ಗೋಡೆಯಿಂದ ಹಗ್ಗದಲ್ಲಿ ಇಳಿದು ಚಿಕ್ಕಪ್ಪನ ಹತ್ರ ಹೋಗಿ ಕಾಲಿಗೆ ಬಿದ್ದ.

ಜಾರ್ಜ್ ಪ್ರಾಣ ಒಂದು ಉಳಿಸಿದ. ಕಣ್ಣು ತೆಗೆಸಿದ, ಬೀಜ ಒಡೆಸಿದ, ಜೈಲಿಗೆ ಹಾಕಿದ, ಹುಡುಗ ಸ್ವಲ್ಪ ದಿನದಲ್ಲೇ ಸತ್ತ. ಇವಾನೆಗೂ ಕಣ್ಣು ಹೋಯ್ತು, ಓರ್ಬೆಲಿಗಳನ್ನ ಹುಡುಕಿ ಹುಡುಕಿ ಮುಗಿಸಿದ್ರು, ಹೊರದೇಶಕ್ಕೆ ಹೋಗಿದ್ದ ಲಿಪಾರಿತ್ ಕವಲು ಮಾತ್ರ ಉಳೀತು, ಸ್ತೆಪಾನೋಸ್ ಬಂದಿದ್ದು ಆ ಕವಲಲ್ಲೇ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಶಿಕ್ಷೆಯಲ್ಲೇ ಇದೆ. ಹಿರಿ ಮಗನ ಮಗನಿಗೋ, ಪಟ್ಟ ಆಗಿರೋ ತಮ್ಮನಿಗೋ ಅಂತ ಖಡಾಖಂಡಿತ ಕಾನೂನು ಅಲ್ಲಿರಲಿಲ್ಲ. ಜಾರ್ಜ್ ಕಡೆ ಪಟ್ಟಾಭಿಷೇಕ ಇತ್ತು, 20 ವರ್ಷ ಆಳಿದ್ದೂ ಇತ್ತು. ಆದ್ರೆ ಹಕ್ಕೇ ಇಲ್ಲದವನಾಗಿದ್ರೆ ಬರೀ ಜೈಲು ಸಾಕಿತ್ತು. ಕಣ್ಣಿಲ್ಲದವನು ರಾಜ ಆಗೋ ಹಾಗಿಲ್ಲ, ಮಕ್ಕಳಾಗದವನಿಂದ ಮುಂದೆ ವಾರಸುದಾರ ಹುಟ್ಟೋ ಹಾಗಿಲ್ಲ. ಎರಡೂ ಬಾಗಿಲು ಮುಚ್ಚಿಸಿದಾನೆ ಅಂದ್ರೆ ಆ ಹಕ್ಕಿಗೆ ಎಷ್ಟು ತೂಕ ಇತ್ತು ಅಂತ ಜಾರ್ಜ್‌ಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನಿಗಿದ್ದಿದ್ದು ಇಬ್ಬರು ಹೆಣ್ಮಕ್ಕಳು, ತಮಾರ್ ಮತ್ತೆ ರುಸುದಾನ್. ಗಂಡು ದಿಕ್ಕಿಲ್ಲದ ರಾಜನಿಗೆ ಅಣ್ಣನ ಮಗನಿಗಿಂತ ದೊಡ್ಡ ಭಯ ಇನ್ನೊಂದಿರಲ್ಲ. 1178ರ ಪಟ್ಟ ಬಂದಿದ್ದು ಇದರ ಬೆನ್ನಿಗೇ, ಎರಡನ್ನೂ ಬೇರೆ ಬೇರೆ ಮಾಡಿ ಓದೋಕಾಗಲ್ಲ ಅನ್ನೋದ್ರಲ್ಲಿ ನಿಮ್ಮ ಜೊತೆ ನಾನೂ ಇದೀನಿ.

ಆದ್ರೆ ತಮಾರ್‌ನ ಕಳ್ಳಿ ಅನ್ನೋದನ್ನ ನಾನು ಒಪ್ಪಲ್ಲ. ಆವಾಗ ಅವಳಿನ್ನೂ ಹುಡುಗಿ, ಮತ್ತೆ ಅಪ್ಪ ಕಟ್ಟಿದ ಪಟ್ಟ ಅವಳಿಗೆ ಪುಕ್ಕಟೆ ನಡೀಲಿಲ್ಲ. 1184ರಲ್ಲಿ ಜಾರ್ಜ್ ಸತ್ತ ಮೇಲೆ ಸರದಾರರು ಎರಡನೇ ಸಲ ಪಟ್ಟಾಭಿಷೇಕ ಮಾಡ್ಸಿದ್ರು, ಯಾಕಂದ್ರೆ ಅವಳನ್ನ ರಾಣಿ ಮಾಡಿದ್ದು ನಾವು ಅಂತ ತೋರಿಸ್ಬೇಕಿತ್ತು. ಲೋರಿ ಗೆಲುವಿನಿಂದ ಸೇನಾಪತಿ ಆಗಿದ್ದ ಕುಬಸಾರ್‌ನ ತೆಗೆಸಿದ್ರು. 1185ರಲ್ಲಿ ರಷ್ಯಾದ ರಾಜಕುಮಾರ ಯೂರಿ ಜೊತೆ ಮದುವೆ ಮಾಡ್ಸಿದ್ರು, ಎರಡು ವರ್ಷಕ್ಕೆ ಅವನನ್ನ ಅವಳೇ ಬಿಟ್ಟು ದೇಶದಿಂದ ಹೊರಗೆ ಕಳಿಸಿದಳು, 1191ರಲ್ಲಿ ಅವನು ವಾಪಸ್ ಬಂದಾಗ ರಾಜ್ಯದ ಪಶ್ಚಿಮ ಭಾಗದ ಎಷ್ಟೋ ಸರದಾರರು ಅವನ ಜೊತೆ ನಿಂತ್ರು. ಅವಳು ಗೆದ್ದಳು, ಯೂರಿ ಕೈಗೆ ಸಿಕ್ಕ, ಅವನ ಕಣ್ಣು ತೆಗೆಸಲಿಲ್ಲ, ಮತ್ತೆ ದೇಶ ಬಿಟ್ಟು ಹೋಗು ಅಂತ ಕಳಿಸಿಬಿಟ್ಟಳು.